ಮಕ್ಕಳ ಕ್ಯಾಮೆರಾ ನಮ್ಮ ಕೊಟ್ಟಿಗೆಗೂ ಬರಲಿ

(ಗ್ರಾಮೀಣ ಪ್ರೌಢಶಾಲೆಯೊಂದರ ಪೋಷಕರ ಸಭೆಯಲ್ಲಿ ರೈತ ಕಾರ್ಯಕರ್ತರೊಬ್ಬರು ಮಾಡಿದ ಭಾಷಣದ ಬರಹರೂಪ)

ಮುಖ್ಯೋಪಾಧ್ಯಾಯರೇ, ಮೇಷ್ಟ್ರುಗಳೇ, ಊರಿನ ಹಿರಿಯರೇ, ರೈತ ಬಂಧುಗಳೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ತಾಯಂದಿರೇ,

ಒಂಬತ್ತನೇ ತರಗತಿಯ ಮಕ್ಕಳಿಗೆ ಮೇಷ್ಟ್ರು ಒಂದು ಕೆಲಸ ಕೊಟ್ಟಿದ್ದಾರೆ. ಹನ್ನೊಂದು ಮಕ್ಕಳು ಸೇರಿಕೊಂಡು ಹತ್ತು ನಿಮಿಷದ ಒಂದು ಕಿರುಚಿತ್ರ ಮಾಡಬೇಕು. ವಿಷಯವನ್ನೂ ಮಕ್ಕಳೇ ಆರಿಸಿದ್ದಾರೆ. ಒಂದು ಲೀಟರ್ ಹಾಲು ಹಸುವಿನ ಕೆಚ್ಚಲಿನಿಂದ ಡೇರಿ ಕ್ಯಾನಿಗೆ ಬೀಳುವ ತನಕ ಏನೇನಾಗುತ್ತದೆ ಅನ್ನೋದು ಅವರ ಕಥೆ. ಇದರ ಮೇಲೆ ಒಂದು ವಾರದಿಂದ ಊರಲ್ಲಿ ಗುಸುಗುಸು ನಡೆದಿದೆ. "ಓದೋ ಮಕ್ಕಳ ಕೈಗೆ ಮೊಬೈಲು ಕೊಟ್ಟು ಸಿನಿಮಾ ತೆಗೀರಿ ಅಂತಾರಲ್ಲ, ಇದೂ ಒಂದು ಪಾಠವೇ?" ಎಂದು ಕೆಲವರು ಕೇಳುತ್ತಿದ್ದಾರೆ. "ಡೇರಿ ತೆಗೀಲಿ, ಬೇಡ ಅನ್ನಲ್ಲ. ನಮ್ಮ ಮನೆ ಕೊಟ್ಟಿಗೆಗೆ ಯಾಕೆ ಬರಬೇಕು?" ಎಂದು ಇನ್ನು ಕೆಲವರು. ಮೊದಲನೇ ಮಾತಿಗೆ ಉತ್ತರ ಹೇಳೋದು ಸುಲಭ. ಎರಡನೆಯದು ಗಟ್ಟಿ ಪ್ರಶ್ನೆ, ಅದಕ್ಕೇ ನಾನು ಬಂದಿರೋದು.

ಮೊದಲನೇ ಮಾತು ಮುಗಿಸಿಬಿಡೋಣ. ಪುಣೆಯಲ್ಲಿ ಕೇಂದ್ರ ಸರ್ಕಾರದ ಒಂದು ಫಿಲ್ಮ್ ಇನ್ಸ್‌ಟಿಟ್ಯೂಟ್ ಇದೆ. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಶುರುವಾದದ್ದು. ಅಲ್ಲಿನ ಟೆಲಿವಿಷನ್ ವಿಭಾಗದಲ್ಲಿ ಒಂದು ವರ್ಷದ ಓದು ಇತ್ತು. ನಿರ್ದೇಶನ ಕಲಿಯುವವರು, ಕ್ಯಾಮೆರಾ ಕಲಿಯುವವರು, ಶಬ್ದ ಹಿಡಿಯುವುದನ್ನು ಕಲಿಯುವವರು, ತೆಗೆದದ್ದನ್ನು ಕತ್ತರಿಸಿ ಜೋಡಿಸುವ ಸಂಕಲನ ಕಲಿಯುವವರು, ಹೀಗೆ ನಾಲ್ಕು ಕಸುಬು. ವರ್ಷದ ಕೊನೆಗೆ ಒಂದೊಂದು ಕಸುಬಿನಿಂದ ಒಬ್ಬೊಬ್ಬರು ಕೂಡಿ ಒಂದು ಚಿತ್ರ ಮಾಡಬೇಕು. ನಿಮಗೆ ಅರ್ಥವಾಗುವ ಹಾಗೆ ಹೇಳಬೇಕಂದ್ರೆ ಮುಯ್ಯಾಳು ಪದ್ಧತಿ. ಹೂಡುವವನೊಬ್ಬ, ಬಿತ್ತುವವನೊಬ್ಬ, ತೂರುವವನೊಬ್ಬ, ಆದರೆ ರಾಶಿ ಒಂದೇ.

ಹಾಗೆ ಸೇರಿದ ನಾಲ್ವರಲ್ಲಿ ನಿರ್ದೇಶನದ ಪಾಲಿಗೆ ಬಂದವರು ಚಿದಾನಂದ ಎಸ್. ನಾಯ್ಕ್. ಮೈಸೂರಿನಲ್ಲಿ ಎಂಬಿಬಿಎಸ್ ಓದಿ ಡಾಕ್ಟರಾದವರು, ಅದನ್ನು ಬಿಟ್ಟು ಸಿನಿಮಾ ಕಲಿಯಲು ಹೋದವರು. ಇವರು ಕನ್ನಡದಲ್ಲೇ ಒಂದು ಕಿರುಚಿತ್ರ ಮಾಡಿದರು. ಸೂರ್ಯಕಾಂತಿ ಹೂಗಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು ಎಂಬ ಅರ್ಥದ ಹೆಸರು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ಚಿತ್ರ ಸುಮಾರು ಹದಿನಾರು ನಿಮಿಷದ್ದು. ಅದು 2024ರ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಅಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗೇ ಬೇರೆ ಸ್ಪರ್ಧೆ ಇದೆ. ಜಗತ್ತಿನ 555 ಸಿನಿಮಾ ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆರಿಸಿದ್ದು 18. ಅದರಲ್ಲಿ ಮೊದಲ ಬಹುಮಾನ ಈ ಕನ್ನಡ ಚಿತ್ರಕ್ಕೆ. ಬಹುಮಾನದ ಹಣ 15,000 ಯೂರೋ, ಆಗಿನ ಲೆಕ್ಕದಲ್ಲಿ 13 ಲಕ್ಷ ರೂಪಾಯಿಗೂ ಮೇಲೆ. ಇದು ಒಂದು ವರ್ಷದ ಓದಿನ ಕೊನೆಯ ಪಾಠದ ಕೆಲಸ, ಸ್ವಾಮಿ. ನಮ್ಮ ಮಕ್ಕಳಿಗೆ ಮೇಷ್ಟ್ರು ಕೊಟ್ಟಿದ್ದಾರಲ್ಲ, ಅದೇ ಜಾತಿಯದು. ಹಾಗಂತ ನಮ್ಮ ಮಕ್ಕಳೂ ಫ್ರಾನ್ಸಿಗೆ ಹೋಗ್ತಾರೆ ಅಂತ ನಾನು ಹೇಳಲ್ಲ. ಪಾಠವಲ್ಲ ಅಂದವರಿಗೆ ಪಾಠ ಅಂತ ತೋರಿಸಿದೆ, ಅಷ್ಟೆ.

ಈಗ ಆ ಚಿತ್ರದ ಕಥೆಗೆ ಬನ್ನಿ. ಅದು ನಿಮಗೆ ಗೊತ್ತಿರೋದೇ. ಅಜ್ಜಿ, ಹುಂಜ, ಬೆಳಗು. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯಲ್ಲಿ ಒಬ್ಬ ಮುದುಕಿ ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗೋದು ಅಂತ ಜಂಬ ಕೊಚ್ಚುತ್ತಾಳೆ, ಊರವರ ಮೇಲೆ ಸಿಟ್ಟು ಮಾಡಿಕೊಂಡು ಕೋಳಿ ಎತ್ತಿಕೊಂಡು ಹೋಗುತ್ತಾಳೆ, ಮಾರನೇ ದಿನ ತಾನೇ ತಾನಾಗಿ ಬೆಳಗಾಗುತ್ತದೆ, ಎಲ್ಲರೂ ನಗುತ್ತಾರೆ. ನಾವೂ ನಕ್ಕಿದ್ದೇವೆ. ಈ ಹುಡುಗರು ಏನು ಮಾಡಿದರು ಅಂದ್ರೆ, ಕಥೆಯನ್ನು ಮಗುಚಿ ಹಾಕಿದರು. ಮುದುಕಿ ಊರ ಹುಂಜವನ್ನು ಕದ್ದುಬಿಡುತ್ತಾಳೆ, ನಿಜವಾಗಿಯೂ ಬೆಳಗಾಗುವುದೇ ಇಲ್ಲ. ಊರು ಕಂಗಾಲಾಗುತ್ತದೆ. ಹುಂಜ ವಾಪಸು ಬರಬೇಕು ಅಂತ ಯಾವುದೋ ಕಾಲಜ್ಞಾನದ ಮಾತು ಹಿಡಿದು ಮುದುಕಿಯ ಮನೆಯವರನ್ನೇ ಊರಾಚೆ ಕಳಿಸುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಿ. ಜಗತ್ತಿನ ಮುಂದೆ ನಮ್ಮ ಹಳ್ಳಿಯನ್ನು ತೋರಿಸುವ ಅವಕಾಶ ಸಿಕ್ಕಿದಾಗ ಈ ಹುಡುಗರು ಹಸಿರು ಗದ್ದೆ, ಹೊಂಬಣ್ಣದ ಪೈರು, ಸೋಬಾನೆ ಪದ ತೋರಿಸಲಿಲ್ಲ. ಕತ್ತಲಲ್ಲಿ ಕೂತ ಊರು ತೋರಿಸಿದರು. ತನಗೆ ಬೆಳಕು ಬೇಕು ಅಂತ ಒಂದು ಮನೆಯನ್ನು ಹೊರಗೆ ಹಾಕುವ ಊರು. ನಾವು ಅಜ್ಜಿಯನ್ನು ನೋಡಿ ನಗುತ್ತಿದ್ದ ಕಥೆಯಲ್ಲೇ ಅವರು ತಿರುಗಿ ನಿಂತು ಊರಿನ ಮುಖ ನೋಡಿದರು. ಕಥೆ ನಮ್ಮ ಜಗಲಿ ಮೇಲೇ ಬಿದ್ದಿತ್ತು. ಅದರಲ್ಲಿ ಇನ್ನೊಂದು ಮಗ್ಗಲು ಇದೆ ಅಂತ ಕಂಡದ್ದು ಅವರಿಗೆ.

ನಮ್ಮವರೇ ಇನ್ನೊಬ್ಬರು ಇದಕ್ಕೆ ಅರ್ಧ ಶತಮಾನ ಮುಂಚೆ ಅದೇ ಪುಣೆಗೆ ಹೋಗಿದ್ದರು. ತೀರ್ಥಹಳ್ಳಿ ತಾಲ್ಲೂಕು ಕೆಸಲೂರಿನ ಗಿರೀಶ್ ಕಾಸರವಳ್ಳಿ. ಔಷಧ ಶಾಸ್ತ್ರ ಓದಿದವರು. 1975ರಲ್ಲಿ ಓದು ಮುಗಿಸುವಾಗ ಮಾಡಿದ 'ಅವಶೇಷ್' ಎಂಬ ವಿದ್ಯಾರ್ಥಿ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಆಮೇಲೆ 1977ರಲ್ಲಿ 'ಘಟಶ್ರಾದ್ಧ' ಮಾಡಿದರು, ಸ್ವರ್ಣಕಮಲ ಬಂತು. ಅದರಲ್ಲಿ ತೋರಿಸಿದ್ದೂ ಏನು? ತಮ್ಮ ಸೀಮೆಯ ಅಗ್ರಹಾರ ಒಬ್ಬ ವಿಧವೆ ಹೆಣ್ಣುಮಗಳನ್ನು ಬದುಕಿರುವಾಗಲೇ ಸತ್ತಳು ಅಂತ ಹೊರಗೆ ಹಾಕಿದ್ದನ್ನು. ಹೊರಗಿನವರು ಬಂದು ಬೈದದ್ದಲ್ಲ, ಒಳಗಿನವರೇ ನೋಡಿ ಹೇಳಿದ್ದು.

ಆಗ ಒಂದು ತೊಂದರೆ ಇತ್ತು. 35 ಎಂಎಂ ಫಿಲ್ಮಿನ ಸಾವಿರ ಅಡಿಯ ಒಂದು ರೀಲು ಓಡುತ್ತಿದ್ದದ್ದು ಬರೀ ಹನ್ನೊಂದು ನಿಮಿಷ. ರೀಲಿಗೆ ದುಡ್ಡು, ಲ್ಯಾಬಿನಲ್ಲಿ ತೊಳೆಸಲು ದುಡ್ಡು, ಪ್ರಿಂಟಿಗೆ ದುಡ್ಡು. ಒಂದು ಶಾಟು ಕೆಟ್ಟರೆ ಅಷ್ಟು ಅಡಿ ಹೋಯಿತು. ರೈತನ ಮಗ ಆ ಕಡೆ ತಲೆ ಹಾಕೋ ಹಾಗಿರಲಿಲ್ಲ. ಈಗ ನಮ್ಮ ಜೇಬಿನಲ್ಲೇ ಕ್ಯಾಮೆರಾ ಇದೆ. ರೀಲಿನ ಖರ್ಚು ಹೋಯಿತು, ದುಡಿಮೆ ಹೋಗಲಿಲ್ಲ. ಮೊನ್ನೆ ಮಕ್ಕಳು ಅಭ್ಯಾಸ ಮಾಡೋದನ್ನ ಕೂತು ನೋಡಿದೆ. ಮೊದಲು ಯಾವ ಶಾಟು ಎಲ್ಲಿಂದ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಒಂದು ಶಾಟಲ್ಲಿ ಬಿಂದಿಗೆ ಬಲಗೈಲಿದ್ದರೆ ಮುಂದಿನ ಶಾಟಲ್ಲೂ ಬಲಗೈಲೇ ಇರಬೇಕು, ಅದನ್ನ ನೋಡಿಕೊಳ್ಳೋಕೇ ಒಬ್ಬ ಹುಡುಗ. ಹಾಲು ಕರೆಯುವ ಸದ್ದು ಹಿಡಿಯೋಕೆ ಇನ್ನೊಬ್ಬ. ಅವನು ನನಗೇ ಕೆಮ್ಮಬೇಡಿ ತಾತ ಅಂತ ಗದರಿದ. ಐದು ಗಂಟೆ ಕತ್ತಲಲ್ಲಿ ಕೊಟ್ಟಿಗೆಯ ಒಂದು ಬಲ್ಬಿನ ಬೆಳಕಲ್ಲಿ ಹಸುವಿನ ಮುಖ ಕಾಣುವ ಹಾಗೆ ಎಲ್ಲಿ ನಿಲ್ಲಬೇಕು ಅಂತ ಕ್ಯಾಮೆರಾ ಹಿಡಿದ ಹುಡುಗಿ ಅರ್ಧ ಗಂಟೆ ಒದ್ದಾಡಿದಳು. (ಹೆಣ್ಣುಮಗು ಯಾಕೆ ಕ್ಯಾಮೆರಾ ಹಿಡೀಬೇಕು ಅಂದವರೂ ಇಲ್ಲಿ ಕೂತಿದ್ದೀರಿ. ಅವಳು ಆ ಕೊಟ್ಟಿಗೆಯಲ್ಲಿ ದಿನಾ ಸಗಣಿ ಬಾಚುವಾಗ ಯಾಕೆ ಅಂತ ಕೇಳಿದ್ರಾ?) ತೆಗೆದದ್ದು ಮೂರು ಗಂಟೆಯಷ್ಟಾದರೂ ಉಳಿಸಬೇಕಾದ್ದು ಹತ್ತು ನಿಮಿಷ. ರಾಶಿ ತೂರಿದ ಹಾಗೆ, ಜೊಳ್ಳು ಹಾರಬೇಕು, ಕಾಳು ನಿಲ್ಲಬೇಕು. ಯಾವುದು ಕಾಳು ಅಂತ ಹನ್ನೊಂದು ಮಕ್ಕಳೂ ಜಗಳ ಆಡುತ್ತಾರೆ. ಆಡಲಿ.

ಈಗ ಎರಡನೇ ಪ್ರಶ್ನೆ, ಕೊಟ್ಟಿಗೆಗೆ ಯಾಕೆ ಬರಬೇಕು ಅನ್ನೋದು.

ಮಕ್ಕಳು ಏನು ತೆಗೀಬೇಕು ಅಂತ ಪಟ್ಟಿ ಮಾಡಿರೋದನ್ನ ಮೇಷ್ಟ್ರು ನನಗೆ ತೋರಿಸಿದರು. ಡೇರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ ನೋಡೋದು, ಪಾಸ್‌ಬುಕ್ಕು, ಹಾಲಿನ ವ್ಯಾನು, ಇದಕ್ಕೆಲ್ಲ ನಿಮ್ಮ ತಕರಾರಿಲ್ಲ. ಇನ್ನೂ ಹುರುಪಿಂದ ತೆಗೀರಿ ಅಂತೀರಿ. ಅದೇ ಪಟ್ಟಿಯಲ್ಲಿ ಮೂರು ಸಾಲು ಇದೆ. ಮನೆಯ ಹೆಂಗಸು ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ತನಕ ಹಸುವಿಗೆ ಎಷ್ಟು ಗಂಟೆ ದುಡಿಯುತ್ತಾಳೆ? ಹುಲ್ಲು ಕೊಯ್ಯುವ ಆಳಿಗೆ ಎಷ್ಟು ಕೊಡುತ್ತೀರಿ? ಹಸು ತಂದ ಸಾಲ ಎಷ್ಟು, ಕಂತು ಎಷ್ಟು? ಈ ಮೂರು ಸಾಲೇ ಊರಿಗೆ ಚುಚ್ಚಿರೋದು. ಬಾಯಿ ಬಿಟ್ಟು ಯಾರೂ ಹೇಳ್ತಿಲ್ಲ, ನಾನು ಹೇಳ್ತಿದ್ದೇನೆ.

ಭತ್ತ, ರಾಗಿಗೆ ಬೆಂಬಲ ಬೆಲೆ ಲೆಕ್ಕ ಹಾಕುವಾಗ ದಿಲ್ಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದವರು ಬೀಜ, ಗೊಬ್ಬರ, ಕೂಲಿಯ ಖರ್ಚಿನ ಜೊತೆಗೆ ಮನೆಯವರ ದುಡಿಮೆಗೂ ಒಂದು ಕೂಲಿ ಕಟ್ಟುತ್ತಾರೆ. ಅದಕ್ಕೆ ಎ2+ಎಫ್‌ಎಲ್ ಅಂತ ಹೆಸರು. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. ಸಿ2 ಕೊಡಿ ಅಂತ ನಾವು ಬೀದಿಗೆ ಇಳಿಯುತ್ತೇವೆ. ನ್ಯಾಯವಾದ ಮಾತು. ಹಾಲಿಗಾದರೆ ಆ ಬೆಂಬಲ ಬೆಲೆಯೇ ಇಲ್ಲ. ಸರಿ, ಆ ಎಫ್‌ಎಲ್ ಅನ್ನೋ ಎರಡಕ್ಷರ ಯಾರು ಅಂದುಕೊಂಡಿರಿ? ಅಗೋ, ಹಿಂದೆ ಗೋಡೆಗೆ ಒರಗಿ ನಿಂತಿದ್ದಾರಲ್ಲ, ಅವರೇ. ದಿಲ್ಲಿಯ ಅಧಿಕಾರಿ ಅರೆಬರೆಯಾಗಿಯಾದರೂ ಅವರಿಗೆ ಕೂಲಿ ಬರೆದ. ನಮ್ಮ ಮನೆ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿಗೆ ಒಂದು ಕಾಸೂ ಇಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳು ಗಡಿಯಾರ ಇಟ್ಟುಕೊಂಡು ಅದನ್ನ ಎಣಿಸುತ್ತೇವೆ ಅಂದರೆ ನಮಗೆ ಮುಜುಗರ. ಆಳಿನ ಕೂಲಿ ಮಾತೂ ಹಾಗೇ. ವರ್ತಕನ ತಕ್ಕಡಿಯನ್ನ ಕ್ಯಾಮೆರಾದಲ್ಲಿ ಹಿಡೀರಿ ಅನ್ನುವವರು ನಮ್ಮ ಕೈಯ ತಕ್ಕಡಿಯನ್ನೂ ಹಿಡಿಯೋಕೆ ಬಿಡಬೇಕಾಗುತ್ತದೆ.

ಇದು ನನ್ನ ಹೊಸ ಮಾತಲ್ಲ, ರೈತರು ಒಮ್ಮೆ ಮಾಡಿ ತೋರಿಸಿರೋದು. 1976ರಲ್ಲಿ ಶ್ಯಾಮ್ ಬೆನೆಗಲ್ 'ಮಂಥನ್' ಅಂತ ಹಿಂದಿ ಚಿತ್ರ ಮಾಡಿದರು. ಗುಜರಾತಿನ ಹಾಲಿನ ಸಹಕಾರ ಸಂಘಗಳ ಕಥೆ. ನಮ್ಮ ಗಿರೀಶ್ ಕಾರ್ನಾಡರು ಅದರಲ್ಲಿ ಹಸುವಿನ ಡಾಕ್ಟರ್ ಪಾತ್ರ ಮಾಡಿದ್ದಾರೆ. ಅದಕ್ಕೆ ದುಡ್ಡು ಹಾಕಿದ್ದು ಯಾವ ಸಾಹುಕಾರನೂ ಅಲ್ಲ, ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು. ಹಾಲಿನ ದುಡ್ಡಲ್ಲಿ ತಲೆಗೆ 2 ರೂಪಾಯಿ ಬಿಟ್ಟುಕೊಟ್ಟರು, 10 ಲಕ್ಷ ಆಯಿತು. ನಿರ್ಮಾಪಕರು ಐದು ಲಕ್ಷ ರೈತರು ಅಂತ ತೆರೆಯ ಮೇಲೇ ಹಾಕಿದ್ದಾರೆ. ಚಿತ್ರ ಬಿಡುಗಡೆಯಾದಾಗ ತಮ್ಮ ಸಿನಿಮಾ ಅಂತ ಲಾರಿ ಮಾಡಿಕೊಂಡು ಹೋಗಿ ನೋಡಿದರು.

ದುಡ್ಡು ಕೊಟ್ಟವರು ತಮ್ಮ ಹೊಗಳಿಕೆ ಮಾಡಿಸಿಕೊಂಡರಾ? ಇಲ್ಲ. ಅದರಲ್ಲಿ ಕಡಿಮೆ ಬೆಲೆಗೆ ಹಾಲು ಹೊಡೆಯುವ ಖಾಸಗಿ ಡೇರಿಯವನೂ ಇದ್ದಾನೆ, ಅವನ ಜೊತೆಗೆ ಊರಿನ ಸರಪಂಚನೂ ಇದ್ದಾನೆ. ಸಂಘದ ಚುನಾವಣೆಯಲ್ಲಿ ಹರಿಜನರ ಕೇರಿಯವರು ಒಗ್ಗಟ್ಟಾಗಿ ನಿಂತು ಸರಪಂಚನನ್ನು ಸೋಲಿಸುತ್ತಾರೆ. ಅವನಿಗೆ ಅದನ್ನ ತಡೆಯೋಕಾಗಲ್ಲ. ಹಾಲಿನ ಕ್ಯಾನಿನಲ್ಲಿ ಜಾತಿ ಹೇಗೆ ತೇಲುತ್ತದೆ ಅಂತ ಐದು ಲಕ್ಷ ರೈತರು ತಮ್ಮ ದುಡ್ಡಲ್ಲೇ ತೋರಿಸಿಕೊಂಡರು. ಬರೀ ವರ್ತಕನನ್ನ ಬೈಯ್ಯುವ ಚಿತ್ರವಾಗಿದ್ದರೆ ಇಷ್ಟು ಹೊತ್ತಿಗೆ ಡಬ್ಬದಲ್ಲಿ ತುಕ್ಕು ಹಿಡಿದಿರುತ್ತಿತ್ತು ಅನ್ನೋದು ನನ್ನ ಅಭಿಪ್ರಾಯ. ಆ ಚಿತ್ರವನ್ನ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಹೊಸದರ ಹಾಗೆ ತೊಳೆದು ಸರಿಮಾಡಿ ಮತ್ತೆ ತೋರಿಸಿದರು. ಎಲ್ಲಿ ಗೊತ್ತಾ? ಅದೇ ಕಾನ್ ಊರಲ್ಲಿ, ಅದೇ 2024ರ ಮೇ ತಿಂಗಳಲ್ಲಿ, ಅಜ್ಜಿ ಹುಂಜ ಕದ್ದ ಚಿತ್ರ ಗೆದ್ದ ಅದೇ ಉತ್ಸವದಲ್ಲಿ. ಒಂದು ಐದು ಲಕ್ಷ ರೈತರ ಚಿತ್ರ, ಇನ್ನೊಂದು ನಾಲ್ಕು ವಿದ್ಯಾರ್ಥಿಗಳ ಚಿತ್ರ.

ಸಾಲದ ವಿಷಯಕ್ಕೆ ಬೇರೆ ಮಾತಿದೆ, ಅದನ್ನ ಮಕ್ಕಳಿಗೂ ಹೇಳಿದ್ದೇನೆ. ಸಾಲಗಾರನ ಮನೆಯನ್ನು ಕೇಳದೆ ತೆಗೆಯಬಾರದು. ಬಾಗಿಲಿಗೆ ಅಂಟಿಸಿದ ನೋಟೀಸು ಕಂಡ ತಕ್ಷಣ ಕ್ಯಾಮೆರಾ ಎತ್ತಬಾರದು. ಪಟ್ಟಣದಿಂದ ಬಂದವರು ಅದನ್ನೇ ಮಾಡೋದು. ಹರಕು ಪಂಚೆ, ಬಿರುಕು ಬಿಟ್ಟ ನೆಲ, ಹಿಂದೆ ಪಿಟೀಲಿನ ಸದ್ದು. ನೋಡಿದವರು ಒಂದು ಹನಿ ಕಣ್ಣೀರು ಹಾಕಿ ಎದ್ದು ಹೋಗ್ತಾರೆ, ಬಡ್ಡಿ ಎಷ್ಟು ಅಂತ ಯಾರೂ ಕೇಳಲ್ಲ. ಹಾಗಾಗಿ ಮನೆಯವರು, ಮನೆಯವರು ಅಂದ್ರೆ ಗಂಡಸು ಹೆಂಗಸು ಇಬ್ಬರೂ, ಒಪ್ಪಿದರೆ ಮಾತ್ರ ತೆಗೆಯೋದು. ಮುಖ ಬೇಡ ಅಂದರೆ ಕೈ ತೋರಿಸಲಿ, ಪಾಸ್‌ಬುಕ್ಕು ತೋರಿಸಲಿ, ಹೆಸರು ಬೇಡ. ಊರಿಗೆ ತೋರಿಸುವ ಮುಂಚೆ ಆ ಮನೆಯವರಿಗೆ ತೋರಿಸಬೇಕು. ತೆಗೆಯಿರಿ ಅಂದದ್ದನ್ನ ತೆಗೆದುಹಾಕಬೇಕು. ಸೊಸೈಟಿಗೆ ಆಧಾರ ಮಾಡಿಕೊಡುವಾಗ ನಾವು ನಮ್ಮ ಮಾನವನ್ನೆಲ್ಲ ಮೇಜಿನ ಮೇಲೆ ಇಟ್ಟು ಬರುತ್ತೇವೆ. ಮಕ್ಕಳ ಮುಂದೆ ಅಷ್ಟು ಕೂಡ ಉಳಿಯಬಾರದಾ? ಆದರೆ ಇದೇ ನೆಪ ಹಿಡಿದು ಆಳಿನ ಕೂಲಿಯನ್ನೂ ಮುಚ್ಚಿಡಬೇಡಿ. ಸಾಲ ಒಂದು ಮನೆಯ ನೋವು. ಕೂಲಿ ಎರಡು ಮನೆಯ ನಡುವಿನ ಲೆಕ್ಕ. ಆ ಹುಲ್ಲು ಕೊಯ್ಯುವ ಹೆಂಗಸು ಒಪ್ಪಿದರೆ ಅವಳ ಬಾಯಲ್ಲೇ ಹೇಳಿಸಲಿ.

ಮಕ್ಕಳಿಗೆ ಮಾರ್ಕು ಎಷ್ಟು ಬರುತ್ತೋ ಮೇಷ್ಟ್ರಿಗೆ ಬಿಟ್ಟದ್ದು. ನಮ್ಮಿಂದ ಆಗಬೇಕಾದ್ದು ಇಷ್ಟು. ಬರುವ ಭಾನುವಾರ ಬೆಳಿಗ್ಗೆ ಐದಕ್ಕೆ ಮಕ್ಕಳು ಬರುತ್ತಾರೆ. ನಾಲ್ಕು ಕೊಟ್ಟಿಗೆ ಬೇಕು, ಒಂದು ನಮ್ಮದು ಅಂತ ಹೇಳಿಯಾಗಿದೆ. ನನ್ನ ಹೆಂಡತಿಯನ್ನ ಕೇಳಿಯೇ ಹೇಳಿದ್ದೇನೆ, ಅವಳು ಎಷ್ಟು ಗಂಟೆ ಅಂತ ನೀನು ಎಣಿಸು ಅಂತ ನನಗೇ ಹೇಳಿದಳು. ಇನ್ನು ಮೂರು ಮನೆಯವರು ಸಭೆ ಮುಗಿದ ಮೇಲೆ ಹೆಸರು ಬರೆಸಿ. ಆ ಹೊತ್ತಿನಲ್ಲಿ ಅಕ್ಕಪಕ್ಕದವರು ಪಂಪ್‌ಸೆಟ್ಟು, ಹಾಡಿನ ಪೆಟ್ಟಿಗೆ ಒಂದರ್ಧ ಗಂಟೆ ನಿಲ್ಲಿಸಿ, ಸದ್ದು ಹಿಡಿಯೋ ಹುಡುಗ ಬೈತಾನೆ. ಗುಜರಾತಿನವರು ಆಗ 2 ರೂಪಾಯಿ ಕೊಟ್ಟರು, ಈಗ 2 ರೂಪಾಯಿಗೆ ಬೆಂಕಿಪೊಟ್ಟಣವೂ ಸರಿಯಾಗಿ ಬರಲ್ಲ. ಹಾಲು ಹಾಕುವ ಮನೆಗೆ 20 ರೂಪಾಯಿಯಂತೆ ಕೊಡಿ. ಪ್ರೊಜೆಕ್ಟರ್ ಬಾಡಿಗೆ, ಬಿಳಿ ಪರದೆ, ಮಕ್ಕಳ ಬೆಳಗಿನ ತಿಂಡಿಗೆ ಆಗುತ್ತದೆ. ಲೆಕ್ಕ ಮೇಷ್ಟ್ರ ಹತ್ತಿರ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಚಿತ್ರ ತಯಾರಾದ ಮೇಲೆ ಮೊದಲ ಪ್ರದರ್ಶನ ಡೇರಿ ಮುಂದಿನ ಬಯಲಲ್ಲಿ, ಸಂಜೆ ಹಾಲು ಹಾಕಿದ ನಂತರ. ಹೆಂಗಸರಿಗೆ ಮುಂದಿನ ಸಾಲು.