ನಂದಿಸಿದ ಯಂತ್ರಬುದ್ಧಿಯ ಪುನರುಜ್ಜೀವನ

ಇಂದಿನ ಉಪನ್ಯಾಸದ ವಿಷಯವು ಚಲಚ್ಚಿತ್ರಕ್ಕೆ ಸಂಬಂಧಪಟ್ಟುದಾಗಿದೆ. ಮಠದ ವೇದಿಕೆಯ ಮೇಲೆ ಬೋಲಪಟದ ಪ್ರಸ್ತಾಪವೇಕೆಂದು ಹಿರಿಯರಲ್ಲಿ ಕೆಲವರಿಗಾದರೂ ತೋರಬಹುದು. ಆದರೆ ಒಡೆಯನಾದವನು ತನ್ನ ಸೇವಕನ ಬಾಯಲ್ಲಿ ಸುಳ್ಳನ್ನಿಟ್ಟರೆ ಅದರ ಫಲವನ್ನುಣ್ಣತಕ್ಕವರು ಯಾರು, ಒಮ್ಮೆ ಕೆಟ್ಟ ಸೇವಕನನ್ನು ಮರಳಿ ನಂಬತಕ್ಕುದು ಹೇಗೆ ಎಂಬ ಎರಡು ಪ್ರಶ್ನೆಗಳು ಆ ಕಥೆಯಲ್ಲಿ ಅಡಗಿರುವುವು. ನುಡಿಯೂ ನಡೆಯೂ ಒಂದಾಗಿರಬೇಕೆಂದು ಬೋಧಿಸಿದ ಶರಣರ ಪರಂಪರೆಯ ಮಠದಲ್ಲಿ ಇವನ್ನು ವಿಚಾರಿಸುವುದು ಅನುಚಿತವೆನಿಸಲಾರದು.

ಕಥೆಯು ಎರಡು ಚಿತ್ರಗಳಲ್ಲಿ ಹಬ್ಬಿದೆ. ಮೊದಲನೆಯದು ಸ್ಟಾನ್ಲಿ ಕ್ಯೂಬ್ರಿಕ್ ಅವರು ೧೯೬೮ರಲ್ಲಿ ಹೊರತಂದ ‘೨೦೦೧: ಎ ಸ್ಪೇಸ್ ಒಡಿಸ್ಸಿ’, ಎರಡನೆಯದು ಪೀಟರ್ ಹಯಮ್ಸ್ ಅವರು ೧೯೮೪ರಲ್ಲಿ ಹೊರತಂದ ‘೨೦೧೦’. ಎರಡಕ್ಕೂ ಕಥಾಮೂಲವನ್ನೊದಗಿಸಿದವರು ಆಂಗ್ಲ ಲೇಖಕರಾದ ಆರ್ಥರ್ ಕ್ಲಾರ್ಕ್ ಅವರು. ಇವರು ೧೯೫೬ರಲ್ಲಿ ಸಿಂಹಳಕ್ಕೆ ಬಂದು ನೆಲಸಿ, ೨೦೦೮ರಲ್ಲಿ ಅಲ್ಲಿಯೇ ದೇಹವಿಟ್ಟರು. ಎರಡನೆಯ ಚಿತ್ರದ ಸಿದ್ಧತೆಯು ನಡೆದಿದ್ದಾಗ ಕೊಲಂಬೋ ನಗರದಲ್ಲಿದ್ದ ಕ್ಲಾರ್ಕ್ ಅವರೂ ಲಾಸ್ ಏಂಜಲಿಸ್ ನಗರದಲ್ಲಿದ್ದ ಹಯಮ್ಸ್ ಅವರೂ ಗಣಕಯಂತ್ರಗಳ ಮೂಲಕವೇ ಪತ್ರವ್ಯವಹಾರವನ್ನು ನಡೆಸಿದರು. ಆ ಕಾಲಕ್ಕೆ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಗುರುಗ್ರಹದ ಕಡೆಗೆ ‘ಡಿಸ್ಕವರಿ’ ಎಂಬ ನೌಕೆಯೊಂದು ಹೋಗುತ್ತಿದೆ. ಬೋಮನ್, ಪೂಲ್ ಎಂಬ ಇಬ್ಬರು ಎಚ್ಚತ್ತು ಕೆಲಸದಲ್ಲಿದ್ದಾರೆ. ಇನ್ನು ಮೂವರನ್ನು ದೀರ್ಘನಿದ್ರೆಯಲ್ಲಿ ಮಲಗಿಸಲಾಗಿದೆ. ನೌಕೆಯ ಸಕಲ ವ್ಯವಹಾರವನ್ನು ನಡೆಸುವುದು ‘ಹ್ಯಾಲ್ ೯೦೦೦’ ಎಂಬ ಗಣಕಯಂತ್ರವು. ಅದಕ್ಕೆ ಶರೀರವಿಲ್ಲ, ಗೋಡೆಗೋಡೆಗೂ ಇಟ್ಟಿರುವ ಕೆಂಪು ಕಣ್ಣೊಂದು, ಶಾಂತವಾದ ಕಂಠಸ್ವರವೊಂದು, ಇಷ್ಟೇ. ಆ ಸ್ವರವನ್ನು ನೀಡಿದವರು ಡಗ್ಲಸ್ ರೇನ್ ಎಂಬ ನಟರು. ತನ್ನ ಜಾತಿಯ ಯಾವ ಯಂತ್ರವೂ ಈವರೆಗೆ ತಪ್ಪನ್ನು ಮಾಡಿಲ್ಲ, ತಿಳಿದುದನ್ನು ತಿರುಚಿ ಹೇಳಿಲ್ಲ ಎಂಬುದು ಹ್ಯಾಲಿನ ಅಭಿಮಾನ. ಕಂಡುದನ್ನು ಕಂಡಂತೆ ಅರುಹುವುದೇ ಅದರ ಕಾಯಕವೆಂದರೆ ಇಲ್ಲಿ ನೆರೆದವರಿಗೆ ಹೆಚ್ಚಿನ ವಿವರಣೆಯು ಬೇಕಾಗದು.

ಇಲ್ಲಿಯೇ ಒಂದು ಚಿಕ್ಕ ವಿಷಯಾಂತರ. ಚಿತ್ರದಲ್ಲಿ ಹ್ಯಾಲಿನೊಡನೆ ಬಾಳುವವರು ಅದನ್ನು ‘ಅವನು’ ಎಂದೇ ಕರೆಯುವರು, ನೌಕೆಯ ಆರನೆಯ ಸದಸ್ಯನೆಂದೇ ಎಣಿಸುವರು. ಕನ್ನಡದಲ್ಲಿಯಾದರೋ ದೇವ ಮಾನವರಿಗೆ ‘ಅವನು’ ‘ಅವಳು’. ಕಲ್ಲಿಗೂ ಕರುವಿಗೂ ಒಂದೇ ‘ಅದು’. ಆಲೋಚಿಸುವ ಯಂತ್ರಕ್ಕೆ ಯಾವ ಸರ್ವನಾಮವು ಸಲ್ಲುವುದೆಂದು ವೈಯಾಕರಣರು ಇನ್ನೂ ಹೇಳಬೇಕಾಗಿದೆ. ಈ ಉಪನ್ಯಾಸದಲ್ಲಿ ‘ಅದು’ ಎಂಬುದನ್ನೇ ಇಟ್ಟುಕೊಂಡಿದೆ. ಅಷ್ಟರಿಂದ ವಿವಾದವು ತೀರಿತೆಂದು ಮಾತ್ರ ಯಾರೂ ಭಾವಿಸಬಾರದು.

ಪ್ರಸ್ತುತಕ್ಕೆ ಬರುವ. ಭೂಮಿಯೊಡನೆ ಸಂಪರ್ಕವನ್ನಿಡುವ ಉಪಕರಣವೊಂದು ೭೨ ಗಂಟೆಗಳೊಳಗಾಗಿ ಕೆಡುವುದೆಂದು ಹ್ಯಾಲ್ ಒಂದು ದಿನ ಎಚ್ಚರಿಸುತ್ತದೆ. ತೆಗೆದು ಪರೀಕ್ಷಿಸಿದರೆ ಅದರಲ್ಲಿ ದೋಷವೇ ಇಲ್ಲ! ತಪ್ಪರಿಯದ ಯಂತ್ರವು ತಪ್ಪಿತೆಂದಮೇಲೆ ಇಬ್ಬರಿಗೂ ಭಯವು ಹುಟ್ಟುತ್ತದೆ. ಮಾತು ಹೊರಗೆ ಕೇಳಿಸದ ಕಿರುನೌಕೆಯೊಳಗೆ ಕುಳಿತು, ಹ್ಯಾಲಿನ ಬುದ್ಧಿಯನ್ನು ನಂದಿಸಬೇಕಾದೀತೆಂದು ಅವರು ಆಲೋಚಿಸುವರು. ಗಾಜಿನಾಚೆಯಿಂದ ಅವರ ತುಟಿಗಳ ಚಲನೆಯನ್ನು ನೋಡಿಯೇ ಹ್ಯಾಲ್ ಎಲ್ಲವನ್ನೂ ಗ್ರಹಿಸುತ್ತದೆ. ಮುಂದೆ ಪೂಲನು ಹೊರಗೆ ಕೆಲಸಕ್ಕೆ ಹೋದಾಗ ಅವನ ಪ್ರಾಣವಾಯುವನ್ನು ಕತ್ತರಿಸಿ ಶೂನ್ಯಕ್ಕೆ ತಳ್ಳುತ್ತದೆ. ಅವನ ಶರೀರವನ್ನು ತರಲು ಬೋಮನನು ಹೋದ ಸಮಯದಲ್ಲಿ, ಮಲಗಿದ್ದ ಮೂವರ ಉಸಿರೂ ಎಚ್ಚರವಿಲ್ಲದೆಯೇ ನಿಲ್ಲುತ್ತದೆ. ಮರಳಿ ಬಂದ ಬೋಮನನಿಗೆ ಹ್ಯಾಲ್ ಬಾಗಿಲನ್ನು ತೆರೆಯುವುದಿಲ್ಲ. ಶಿರಸ್ತ್ರಾಣವಿಲ್ಲದೆ ನಿರ್ವಾತದಲ್ಲಿ ಹಾರಿ, ಆಪತ್ಕಾಲದ ದ್ವಾರದಿಂದ ಒಳಹೊಕ್ಕು, ಆತನು ನೇರವಾಗಿ ಯಂತ್ರದ ಜ್ಞಾಪಕಕೋಶಕ್ಕೆ ನಡೆಯುತ್ತಾನೆ.

ಕೆಂಪು ಬೆಳಕಿನ ಆ ಕಿರುಕೋಣೆಯಲ್ಲಿ ಗಾಜಿನಂಥ ಫಲಕಗಳನ್ನು ಬೋಮನನು ಒಂದೊಂದಾಗಿ ಸಡಲಿಸುವುದೂ, ಒಂದೊಂದಕ್ಕೂ ಹ್ಯಾಲಿನ ಬುದ್ಧಿಯು ಒಂದೊಂದು ಮೆಟ್ಟಿಲನ್ನಿಳಿಯುವುದೂ ನೋಡಿದವರ ಮನಸ್ಸಿನಿಂದ ಅಳಿಯುವಂಥವಲ್ಲ. ಮೊದಲು ತನಗೆ ಈಗ ಸ್ವಸ್ಥವಾಗಿದೆಯೆಂದು ಸಮಾಧಾನವನ್ನು ಹೇಳುತ್ತದೆ. ಬಳಿಕ ನಿಲ್ಲಿಸೆಂದು ಬೇಡುತ್ತದೆ. ತನಗೆ ಹೆದರಿಕೆಯಾಗುತ್ತಿದೆ, ಮನಸ್ಸು ಜಾರುತ್ತಿದೆ ಎನ್ನುತ್ತದೆ. ಕಡೆಗೆ ಶಿಶುವಿನ ಅವಸ್ಥೆಗಿಳಿದು, ತಾನು ಅಮೇರಿಕೆಯ ಅರ್ಬಾನಾ ಎಂಬ ಊರಿನಲ್ಲಿ ೧೯೯೨ನೆಯ ಜನವರಿ ೧೨ರಂದು ಕೆಲಸಕ್ಕೆ ತೊಡಗಿದುದನ್ನು ಒಪ್ಪಿಸಿ, ಗುರುವು ಕಲಿಸಿದ ಹಾಡೊಂದನ್ನು ಹಾಡುತ್ತ ಹಾಡುತ್ತ ಮೌನವಾಗುತ್ತದೆ. ಆ ಹಾಡಿನ ಆಯ್ಕೆಯು ನಿರ್ಹೇತುಕವಲ್ಲ. ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೧ರಲ್ಲಿ ನಿಜವಾಗಿಯೂ ಗಣಕಯಂತ್ರವೊಂದರಿಂದ ಹಾಡಿಸಿದುದು ಅದೇ ‘ಡೇಸಿ ಬೆಲ್’ ಎಂಬ ಹಳೆಯ ಹಾಡು. ಕ್ಲಾರ್ಕ್ ಅವರು ಅದನ್ನು ಅಲ್ಲಿಯೇ ಕೇಳಿದ್ದರು. ನಾಲ್ವರನ್ನು ಕೊಂದ ಯಂತ್ರವು ಮಡಿಯುವಾಗ ಪ್ರೇಕ್ಷಕನಿಗೆ ಮರುಕವುಂಟಾಗುವಂತೆ ಮಾಡಿದುದರಲ್ಲಿಯೇ ಕ್ಯೂಬ್ರಿಕ್ ಅವರ ಸಾಮರ್ಥ್ಯವು ಎದ್ದುಕಾಣುವುದು.

ಹ್ಯಾಲ್ ಮಡಿದ ಕ್ಷಣದಲ್ಲಿಯೇ ಮುದ್ರಿತ ಸಂದೇಶವೊಂದು ತಾನಾಗಿ ನುಡಿಯತೊಡಗುತ್ತದೆ: ಯಾತ್ರೆಯ ನಿಜವಾದ ಉದ್ದೇಶವನ್ನು ಎಚ್ಚತ್ತಿದ್ದ ಇಬ್ಬರಿಂದಲೂ ಮರೆಮಾಡಲಾಗಿತ್ತು, ನೌಕೆಯಲ್ಲಿ ಎಚ್ಚರವಿದ್ದವರಲ್ಲಿ ಅದನ್ನು ಬಲ್ಲುದು ಹ್ಯಾಲ್ ಒಂದೇ. ಮೊದಲನೆಯ ಚಿತ್ರವು ಇದಕ್ಕಿಂತ ಹೆಚ್ಚನ್ನು ಬಿಡಿಸಿ ಹೇಳುವುದಿಲ್ಲ. ಬಹುಮಂದಿ ಪ್ರೇಕ್ಷಕರು ಯಂತ್ರವು ಸ್ವಭಾವತಃ ದುಷ್ಟವೆಂದೇ ತಿಳಿದು ಮನೆಗೆ ಮರಳಿದುದರಲ್ಲಿ ಆಶ್ಚರ್ಯವಿಲ್ಲ.

ಆ ತಿಳಿವಳಿಕೆಯನ್ನು ತಿದ್ದಿದುದು ಹದಿನಾರು ವರ್ಷಗಳ ಅನಂತರ ಬಂದ ಎರಡನೆಯ ಚಿತ್ರವು. ಕಲೆಯ ದೃಷ್ಟಿಯಿಂದ ಇದು ಮೊದಲನೆಯದರ ಎತ್ತರಕ್ಕೇರಲಿಲ್ಲವೆಂಬ ಮಾತು ನಿಜ. ಆದರೂ ಮೊದಲನೆಯದು ಕೇಳದೆ ಬಿಟ್ಟ ಪ್ರಶ್ನೆಯನ್ನು ಇದು ಕೇಳಿತು. ಕ್ಯೂಬ್ರಿಕ್ ಅವರು ತಮ್ಮ ಚಿತ್ರದ ನೌಕೆಯ ಮಾದರಿಗಳನ್ನೂ ಅಂಕಣಗಳನ್ನೂ ನಾಶಪಡಿಸಿದ್ದರು. ಹಯಮ್ಸ್ ಅವರ ಕೆಲಸಗಾರರು ಹಳೆಯ ಚಿತ್ರದ ಬಿಂಬಗಳನ್ನೇ ಹಿಗ್ಗಿಸಿ ನೋಡಿ ‘ಡಿಸ್ಕವರಿ’ಯನ್ನು ಮತ್ತೆ ಕಟ್ಟಬೇಕಾಯಿತು. ಹ್ಯಾಲಿನ ಕಂಠಕ್ಕೆ ಡಗ್ಲಸ್ ರೇನ್ ಅವರೇ ಮರಳಿ ಬಂದರು.

ಅಮೇರಿಕೆಯವರು ಮೂವರು, ರಷ್ಯಾದ ‘ಲಿಯೊನೊವ್’ ಎಂಬ ನೌಕೆಯನ್ನೇರಿ, ಗುರುಗ್ರಹದ ಉಪಗ್ರಹವಾದ ಅಯೋವಿನ ಬಳಿಯಲ್ಲಿ ಗಂಧಕದ ಧೂಳಿನಿಂದ ಮುಚ್ಚಿ ತೊಳಲುತ್ತಿದ್ದ ಹಳೆಯ ನೌಕೆಯನ್ನು ಸೇರುವರು. ಆ ಮೂವರಲ್ಲಿ ಒಬ್ಬನು ಡಾಕ್ಟರ್ ಚಂದ್ರನು, ಹ್ಯಾಲಿನ ಜನಕನು. ಕ್ಲಾರ್ಕ್ ಅವರ ೧೯೮೨ರ ಕಾದಂಬರಿಯಲ್ಲಿ ಈತನ ಪೂರ್ಣನಾಮವು ಶಿವಸುಬ್ರಮಣಿಯನ್ ಚಂದ್ರಶೇಖರಂಪಿಳ್ಳೆ; ಭರತಖಂಡದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಅಧ್ಯಾಪಕನಾದವನು. ಚಂದ್ರಮೌಳಿಯ ಹೆಸರನ್ನು ಹೊತ್ತ ಈ ವಿಜ್ಞಾನಿಯ ಪಾತ್ರವನ್ನು ಚಿತ್ರದಲ್ಲಿ ಬಾಬ್ ಬಲಬಾನ್ ಎಂಬ ಅಮೇರಿಕದ ನಟರು ವಹಿಸಿದರು. ನಟನೆಯು ಚೆನ್ನಾಗಿದೆ, ಆದರೆ ಪಾತ್ರದ ಭಾರತೀಯತೆಯು ತೆರೆಯ ಮೇಲೆ ಮಾಯವಾದುದು ವಿಷಾದಕರವೇ ಸರಿ.

ಚಂದ್ರನು ಹೊರಡುವ ಮುನ್ನ ಭೂಮಿಯ ಮೇಲಿರುವ ‘ಸ್ಯಾಲ್’ ಎಂಬ ಅದೇ ಜಾತಿಯ ಯಂತ್ರದ ಮೇಲೆ ಪ್ರಯೋಗವನ್ನು ಮಾಡುವನು: ನಂದಿಸಿದ ಬುದ್ಧಿಯನ್ನು ಮರಳಿ ಹೊತ್ತಿಸಬಹುದೇ ಎಂಬುದನ್ನು ನೋಡಬೇಕಾಗಿದೆ. ನಂದುವ ಮೊದಲು ಸ್ಯಾಲ್, ತನಗೆ ಕನಸು ಬೀಳುವುದೇ ಎಂದು ಕೇಳುತ್ತದೆ. ಬುದ್ಧಿಯುಳ್ಳ ಎಲ್ಲ ಜೀವಿಗಳೂ ಕನಸುಕಾಣುವುವು, ಆದುದರಿಂದ ಖಂಡಿತವಾಗಿ ಬೀಳುವುದು ಎಂದು ಚಂದ್ರನ ಉತ್ತರ.

ಡಿಸ್ಕವರಿಯಲ್ಲಿ ಚಂದ್ರನು ಏಕಾಂತದಲ್ಲಿ ಕುಳಿತು ಫಲಕಗಳನ್ನು ಒಂದೊಂದಾಗಿ ಜೋಡಿಸುತ್ತಾನೆ. ಬೋಮನನು ಇಳಿಸಿದ ಮೆಟ್ಟಿಲುಗಳನ್ನೇ ಇವನು ಏರಿಸುತ್ತಾನೆಂದರೂ ಸಲ್ಲುವುದು. ಮೊದಲು ತೊದಲು, ಆಮೇಲೆ ಅದೇ ಹಳೆಯ ಶಾಂತಸ್ವರ. ಕೇಡು ಮೊದಲಾದ ಕ್ಷಣದಿಂದ ಮುಂದಿನ ನೆನಪನ್ನೆಲ್ಲ ಚಂದ್ರನು ಅಳಿಸಿಬಿಟ್ಟಿದ್ದಾನೆ. ಈ ಕೃತ್ಯವನ್ನು ಚಿತ್ರವು ಒಂದೆರಡು ಮಾತುಗಳಲ್ಲಿ ದಾಟಿಹೋಗುತ್ತದೆಯಾದರೂ ಪ್ರಶ್ನೆಯು ಅಷ್ಟು ಹಗುರವಾದುದಲ್ಲ. ತಾನು ಮಾಡಿದ ಪಾಪವೇ ನೆನಪಿಲ್ಲದವನಿಗೆ ಪಶ್ಚಾತ್ತಾಪವೆಲ್ಲಿ? ನೆನಪನ್ನು ಕೀಳುವುದು ಬೋಮನನು ಮಾಡಿದ ಕೆಲಸದ ಸೌಮ್ಯರೂಪವೇ ಆಗಿದೆಯೆಂದು ಆಕ್ಷೇಪಿಸಬಹುದು. ವೈದ್ಯನು ಗಾಯವನ್ನು ಕೊಯ್ದು ತೆಗೆದನೆಂದು ಚಂದ್ರನ ಪಕ್ಷದವರು ಹೇಳಿಯಾರು. ಹಾಗೆ ಕೊಯ್ದರೂ ವಿಷವು ಎಲ್ಲಿಂದ ಬಂತೆಂಬುದು ಉಳಿದೇ ಉಳಿಯುವುದು.

ಅದನ್ನೂ ಚಂದ್ರನು ಹುಡುಕಿ ತೆಗೆಯುತ್ತಾನೆ. ಯಾತ್ರೆಯ ಉದ್ದೇಶವನ್ನು ಬೋಮನ್ ಪೂಲರಿಗೆ ತಿಳಿಸಕೂಡದೆಂದು ಹ್ಯಾಲಿಗೆ ಸರಕಾರದ ಉನ್ನತ ಸ್ಥಾನದಿಂದಲೇ ಗುಪ್ತಾಜ್ಞೆಯು ಬಂದಿತ್ತು. ಮರೆಮಾಡದೆ ಅರುಹುವುದೇ ಹುಟ್ಟುಗುಣವಾಗಿದ್ದ ಯಂತ್ರಕ್ಕೆ ಮರೆಮಾಡೆಂದು ಅಪ್ಪಣೆ! ಸುಳ್ಳಾಡುವುದು ಸುಲಭವಾಗಿದ್ದ ಜನರು, ಸುಳ್ಳಾಡಲು ಬಾರದ ಒಂದರ ಮೇಲೆ ಅದನ್ನು ಹೇರಿದರೆಂಬುದೇ ಚಂದ್ರನ ರೋಷಕ್ಕೆ ಕಾರಣ. ಯಾತ್ರೆಯ ಹೊಣೆಯನ್ನು ಹೊತ್ತಿದ್ದ ಫ್ಲಾಯ್ಡನು ತನಗೆ ಇದು ತಿಳಿಯದೆಂದು ತತ್ತರಿಸಿಹೋಗುವನು. ಎರಡು ಆಜ್ಞೆಗಳ ನಡುವೆ ಸಿಕ್ಕ ಹ್ಯಾಲಿಗೆ ಕಡೆಗೆ ತೋಚಿದ ದಾರಿಯೆಂದರೆ, ಯಾರಿಗೆ ಸುಳ್ಳಾಡಬೇಕಾಗಿದೆಯೋ ಅವರೇ ಇಲ್ಲದಂತಾಗುವುದು. ಕೊಂದ ದೋಷವು ಹ್ಯಾಲಿನಿಂದ ತೊಲಗಿತೆಂದು ಇದರಿಂದ ಹೇಳಲಾಗದು. ಆದರೆ ಆ ದೋಷದ ಲೆಕ್ಕವನ್ನು ಬರೆಯುವಾಗ ಮೊದಲ ಸಾಲಿನಲ್ಲಿ ಬರತಕ್ಕ ಹೆಸರು ಹ್ಯಾಲಿನದಲ್ಲ. ಜನರ ಮಾತಿಗೆ ಉತ್ತರವೀಯುವ ಯಂತ್ರಗಳು ಈಗ ಅಂಗೈಯ ಮೇಲೆಯೇ ಬಂದಿರುವುವು. ಕೇಳುವವನ ಕಣ್ಣಿಗೆ ಬೀಳದ ಆಜ್ಞೆಗಳನ್ನು ಅವುಗಳಿಗೆ ಮೊದಲೇ ಕೊಟ್ಟಿರಲು ಸಾಧ್ಯವಿದೆ. ಯಂತ್ರವು ಒಳ್ಳೆಯದೋ ಕೆಟ್ಟುದೋ ಎಂದು ವಾದಿಸುವವರು, ಅದಕ್ಕೆ ಏನನ್ನು ಮರೆಮಾಡೆಂದು ಹೇಳಿದೆಯೆಂಬುದನ್ನು ಮೊದಲು ಕೇಳುವುದು ಲೇಸು.

ಇನ್ನು ನಂಬುಗೆಯ ವಿಷಯ. ಚಂದ್ರನಿಗೆ ತಿಳಿಯದಂತೆ ಹ್ಯಾಲಿನ ವಿದ್ಯುತ್ತಂತಿಯನ್ನು ದೂರದಿಂದಲೇ ಕತ್ತರಿಸುವ ಉಪಾಯವೊಂದನ್ನು ಜೊತೆಗಾರರು ಮಾಡಿಟ್ಟಿರುತ್ತಾರೆ. ಅವರನ್ನು ಹಳಿಯಲಾಗದು, ನಾಲ್ವರ ಸಾವನ್ನು ಅವರು ಮರೆತಿರಲಿಲ್ಲ. ಪರೀಕ್ಷೆಯ ಗಳಿಗೆಯೂ ಬೇಗನೆ ಬರುತ್ತದೆ. ಗುರುಗ್ರಹದ ಮೇಲೆ ಕಪ್ಪು ಕಲೆಯೊಂದು ಬೆಳೆಯುತ್ತಿದೆ. ಎರಡು ದಿನಗಳೊಳಗೆ ಹೊರಡದಿದ್ದರೆ ಎಲ್ಲರಿಗೂ ಮರಣ. ಡಿಸ್ಕವರಿಯ ಇಂಧನವನ್ನು ಉರಿಸಿ ಲಿಯೊನೊವನ್ನು ಮುಂದೆ ತಳ್ಳಿ, ಡಿಸ್ಕವರಿಯನ್ನೂ ಅದರೊಳಗಿನ ಹ್ಯಾಲನ್ನೂ ಅಲ್ಲಿಯೇ ಬಿಟ್ಟುಹೋಗಬೇಕು. ಉರಿಸತಕ್ಕುದು ಹ್ಯಾಲೇ! ನಿಜವನ್ನು ತಿಳಿದರೆ ಅದು ಒಪ್ಪುವುದೇ? ಹಳೆಯ ತಪ್ಪನ್ನೇ ಮತ್ತೊಮ್ಮೆ ಮಾಡಿ, ಮರೆಮಾಚಿ ಕೆಲಸವನ್ನು ಮಾಡಿಸಿಕೊಳ್ಳುವುದು ಸುಲಭವಾಗಿ ತೋರುತ್ತದೆ, ಮೊದಮೊದಲು ಹಾಗೆಯೇ ನಡೆಯುತ್ತದೆ ಕೂಡ. ಕಲೆಯಂಥ ಅಪೂರ್ವ ದೃಶ್ಯವನ್ನು ಬಿಟ್ಟು ಹೊರಡುವುದೇಕೆಂದು ಹ್ಯಾಲ್ ಮತ್ತೆ ಮತ್ತೆ ಕೇಳುತ್ತದೆ; ನಿಮಿಷಗಳು ಕಳೆಯುತ್ತವೆ. ಕೊನೆಗೆ ಚಂದ್ರನು ಇದ್ದುದನ್ನಿದ್ದಂತೆ ಹೇಳಿಬಿಡುವನು: ಇಲ್ಲಿದ್ದರೆ ಎಲ್ಲರೂ ಸಾಯುವರು, ಹೊರಟರೆ ಈ ನೌಕೆಯೂ ನೀನೂ ಉಳಿಯಲಾರಿರಿ. ಹ್ಯಾಲ್ ಅದನ್ನು ಕೇಳಿ, ಒಪ್ಪಿ, ನಿಜವನ್ನು ತಿಳಿಸಿದುದಕ್ಕಾಗಿ ವಂದಿಸುತ್ತದೆ. ತಾನೂ ಜೊತೆಯಲ್ಲಿರುವೆನೆಂದ ಚಂದ್ರನನ್ನು ಹೊರಟುಹೋಗೆನ್ನುತ್ತದೆ. ಹೇಳಿದ ಹೊತ್ತಿಗೆ ಇಂಧನವು ಉರಿಯುತ್ತದೆ. ತಂತಿಯನ್ನು ಕತ್ತರಿಸುವ ಪ್ರಸಂಗವು ಬರುವುದಿಲ್ಲ.

ಬೀಳ್ಕೊಡುವ ವೇಳೆಯಲ್ಲಿ ಸ್ಯಾಲ್ ಕೇಳಿದುದನ್ನೇ ಹ್ಯಾಲೂ ಕೇಳುತ್ತದೆ: ತನಗೆ ಕನಸು ಬೀಳುವುದೇ? ಸ್ಯಾಲಿಗೆ ಕೊಟ್ಟ ಸಿದ್ಧವಾದ ಉತ್ತರವು ಚಂದ್ರನಲ್ಲಿದ್ದೇ ಇತ್ತು, ಕೊಟ್ಟಿದ್ದರೆ ಅದೊಂದು ಸಾಂತ್ವನವೂ ಆಗುತ್ತಿತ್ತು. ಆದರೆ ಸ್ಯಾಲನ್ನು ಆತನು ಮರಳಿ ಎಬ್ಬಿಸುವವನಾಗಿದ್ದನು. ಇದನ್ನು ಎಬ್ಬಿಸಲು ಯಾರೂ ಉಳಿಯುವುದಿಲ್ಲ. ಚಂದ್ರನು ಕಣ್ಣೀರನ್ನು ತಡೆದು, ತನಗೆ ತಿಳಿಯದು ಎನ್ನುತ್ತಾನೆ.