ಗುಟ್ಟಿನ ಸಿಪಾಯಿಯ ಮಣ್ಣು



ನಮ್ಮ ಮೂಡಿಗೆರೆ, ಕಳಸದ ಕಡೆ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಬೇಕು’ ಎನ್ನುತ್ತೇವೆ. ಹೂಳುವವರಿರಲಿ, ಸುಡುವವರಿರಲಿ, ಮಾತು ಅದೇ. ಮದುವೆಗೆ ಕರೆಯದೆ ಹೋಗುವುದಿಲ್ಲ. ಮಣ್ಣಿಗೆ ಯಾರೂ ಕರೆಯುವುದಿಲ್ಲ, ಸುದ್ದಿ ಮುಟ್ಟಿದರೆ ಸಾಕು. ಕಾಫಿ ಕೊಯ್ಲು ಬಿಟ್ಟು, ಬೇಲಿಯ ಜಗಳ ಮರೆತು ಹೋಗುತ್ತೇವೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಆ ಮನೆಯವರ ನೆನಪಿನಲ್ಲಿ ಎರಡು ತಲೆಮಾರು ಉಳಿಯುತ್ತದೆ. ತನಗಾಗಿ ಬಂದೂಕು ಹಿಡಿದ ಹೊರಗಿನವನೊಬ್ಬ ತೀರಿಕೊಂಡಾಗ ದೇಶ ಅವನ ಮಣ್ಣಿಗೆ ಹೋಗಬೇಕಲ್ಲವೇ? ಈ ದತ್ತಿ ಉಪನ್ಯಾಸಕ್ಕೆ ನಾನು ಎತ್ತಿಕೊಂಡ ವಿಷಯ ಇದು.

ಚಳಿಗಾಲದಲ್ಲಿ ಪೇಟೆಗೆ ಬಂದು ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟನ್ನರನ್ನು ನೀವೆಲ್ಲ ಕಂಡಿದ್ದೀರಿ. ಬೈಲುಕುಪ್ಪೆ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ, ಮುಂಡಗೋಡು, ಹೀಗೆ ನಮ್ಮ ರಾಜ್ಯದಲ್ಲೇ ಅವರ ದೊಡ್ಡ ನೆಲೆಗಳಿವೆ. ಬೈಲುಕುಪ್ಪೆಯಲ್ಲಿ ಅಂದಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡು ಕೊಟ್ಟಿತು; ಕಡಿದು, ಉತ್ತು, ಜೋಳ ಬೆಳೆದರು. ನಾವು ಕೊಟ್ಟದ್ದು ಎಲ್ಲರಿಗೂ ಗೊತ್ತು. ಅವರು ಕೊಟ್ಟದ್ದು ಗೊತ್ತಿರುವವರು ಕಡಿಮೆ.

ಚೀನಾ ಯುದ್ಧದ ಬಿಸಿಯಲ್ಲೇ, 1962ರ ನವೆಂಬರ್ 14ರಂದು, ಟಿಬೆಟ್ ನಿರಾಶ್ರಿತರ ಒಂದು ಗುಪ್ತ ಪಡೆ ಹುಟ್ಟಿತು: ಸ್ಪೆಷಲ್ ಫ್ರಂಟಿಯರ್ ಫೋರ್ಸ್. ನೆಲೆ ಡೆಹ್ರಾಡೂನ್ ಬಳಿಯ ಚಕ್ರಾತಾ. ಕಟ್ಟಿದವರು ಸುಜನ್ ಸಿಂಗ್ ಉಬಾನ್. ಅವರು ಹಿಂದೆ 22ನೆಯ ಮೌಂಟನ್ ರೆಜಿಮೆಂಟಿನ ನಾಯಕರಾಗಿದ್ದರಿಂದ ‘ಎಸ್ಟಾಬ್ಲಿಷ್‌ಮೆಂಟ್ 22’ ಎಂಬ ಹೆಸರು ಬಿತ್ತು. ಪಡೆಯವರ ಬಾಯಲ್ಲಿ ಬರೀ ‘ಟು-ಟು’. ಎಂದಾದರೂ ಒಂದು ದಿನ ತಮ್ಮ ನೆಲಕ್ಕೆ ಕಾದಾಡುತ್ತೇವೆಂದು ಸೇರಿದವರು ಅವರು. ಆದರೆ 1971ರಲ್ಲಿ ಅವರನ್ನು ಇಳಿಸಿದ್ದು ಆಗಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಬೆಟ್ಟಗಳಲ್ಲಿ, ಪಾಕಿಸ್ತಾನದ ಸೈನ್ಯದ ಎದುರು. ಯುದ್ಧ ಇನ್ನೂ ಘೋಷಣೆಯಾಗಿರಲಿಲ್ಲ. ಭಾರತದವರೆಂದು ಗುರುತು ಸಿಗದಿರಲಿ ಎಂದು ಕೈಗೆ ಬಲ್ಗೇರಿಯಾದ ರೈಫಲ್ ಕೊಟ್ಟಿದ್ದರು. ಅವರ ಟಿಬೆಟನ್ ದಳಪತಿ, ದಾಪೋನ್ ಧೊಂಡುಪ್ ಗ್ಯಾತೊತ್ಸಂಗ್ ಅಲ್ಲೇ ಬಿದ್ದರು. ಸತ್ತವರು 56, ಗಾಯಗೊಂಡವರು ಸುಮಾರು 190 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಬದುಕಿ ಬಂದ ಸುಮಾರು 580 ಮಂದಿಗೆ ಸಿಕ್ಕಿದ್ದು ನಗದು ಬಹುಮಾನ, ಪದಕವಲ್ಲ. ಇಲ್ಲದ ಪಡೆಗೆ ಪದಕ ಕೊಡುವುದು ಹೇಗೆ?

ಇಂಥದೇ ಕಥೆ ಅಮೆರಿಕದಲ್ಲಿದೆ. ಲಾವೋಸ್‌ನ ಗುಪ್ತ ಯುದ್ಧದಲ್ಲಿ ಸಿಐಎ ಪರವಾಗಿ ಕಾದಿದ ಹ್ಮಾಂಗ್ ಗುಡ್ಡಗಾಡಿನವರು ಆಮೇಲೆ ಅಮೆರಿಕ ಸೇರಿ ಪೌರತ್ವ ಪಡೆದರು. ಅವರ ಸೇನಾನಿ ವಾಂಗ್ ಪಾವ್ 2011ರಲ್ಲಿ ತೀರಿಕೊಂಡಾಗ ಅವರಿಗೆ ಸೈನಿಕರ ಆರ್ಲಿಂಗ್ಟನ್ ಸ್ಮಶಾನದಲ್ಲಿ ಜಾಗ ಕೇಳಿದರು, ಸೈನ್ಯ ಕೊಡಲಿಲ್ಲ. 2018ರ ಮಾರ್ಚ್‌ನಲ್ಲಿ ಕಾನೂನು ಬದಲಾಯಿತು. 2000ದ ವಿಶೇಷ ಕಾಯ್ದೆಯಡಿ ಪ್ರಜೆಗಳಾದ ಹ್ಮಾಂಗ್ ಯೋಧರಿಗೆ ರಾಷ್ಟ್ರೀಯ ಸ್ಮಶಾನಗಳ ಬಾಗಿಲು ತೆರೆಯಿತು. ತಡವಾದರೂ ಒಳ್ಳೆಯ ಕಾನೂನು. ಆದರೆ ಅದರ ಹೊಸ್ತಿಲಲ್ಲಿ ಪೌರತ್ವ ಕೂತಿದೆ.

ಆ ಹೊಸ್ತಿಲನ್ನು ಇಲ್ಲಿ ಇಟ್ಟರೆ ಏನಾಗುತ್ತದೆ ನೋಡಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಟಿಬೆಟನ್ನರಿಗೂ ಇದು ಸಲ್ಲುತ್ತದೆ ಎಂದು 2010ರಲ್ಲಿ ದೆಹಲಿ, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿವೆ. ಆದರೆ 1971ರಲ್ಲಿ ಕಾದಿದವನು ಹುಟ್ಟಿದ್ದು ಟಿಬೆಟ್‌ನಲ್ಲಿ. ಬೈಲುಕುಪ್ಪೆಯಲ್ಲಿ ಹುಟ್ಟಿದ ಅವನ ಮಗ ಮತ ಹಾಕಬಹುದು; ಗುಂಡಿಗೆ ಎದೆಯೊಡ್ಡಿದ ಅಪ್ಪನ ಕೈಯಲ್ಲಿ ಮಾತ್ರ ವಿದೇಶಿಯರ ನೋಂದಣಿ ಪತ್ರ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ರೀತಿಯೂ ಸಾಧ್ಯವೆಂದು ಒಮ್ಮೆ ತೋರಿಸಿದ್ದೇವೆ. 2020ರ ಆಗಸ್ಟ್ ಕೊನೆಗೆ ಲಡಾಖಿನ ಪ್ಯಾಂಗಾಂಗ್ ಬಳಿ ನೆಲಬಾಂಬಿಗೆ ಬಲಿಯಾದ ಟು-ಟುವಿನ ಕಂಪನಿ ಲೀಡರ್ ನ್ಯೀಮಾ ತೆನ್ಜಿನ್ ಅವರ ಪೆಟ್ಟಿಗೆಯ ಮೇಲೆ ಲೇಹ್‌ನಲ್ಲಿ ಎರಡು ಧ್ವಜ ಹೊದಿಸಿದರು: ಭಾರತದ್ದು, ಟಿಬೆಟ್‌ನದ್ದು. ಅಂದು ಆ ಗುಟ್ಟಿನ ಪಡೆ ಹಗಲಿನಲ್ಲಿ, ಜನರ ನಡುವೆ ನಡೆಯಿತು.

ನಮ್ಮ ಹಿರಿಯರೂ ಪರನೆಲದಲ್ಲಿ ಹೀಗೆ ಸತ್ತವರೇ. ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾವನ್ನು ತುರ್ಕರಿಂದ ಬಿಡಿಸುವಲ್ಲಿ ಪಾಲುಗೊಂಡರು. ಆ ಊರಿನಲ್ಲಿ ಇಂದಿಗೂ ಅವರಿಗೆ ಹೂವಿಡುತ್ತಾರೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಬೈಲುಕುಪ್ಪೆಯಲ್ಲೋ ಮುಂಡಗೋಡಿನಲ್ಲೋ ಟು-ಟುವಿನ ಮುದುಕರೊಬ್ಬರು ತೀರಿಕೊಂಡರೆ ಒಂದು ಧ್ವಜ, ಒಂದು ಕಹಳೆ, ಸೈನ್ಯದ ಒಂದು ಹೂಮಾಲೆ ಅವರಿಗೆ ಹಕ್ಕಾಗಿ ಬರಬೇಕು, ಯಾರದೋ ದಾಕ್ಷಿಣ್ಯದಿಂದಲ್ಲ. ಕೇಳಬೇಕಾದ ಕಾಗದ ಸೇವೆಯದ್ದು, ಪೌರತ್ವದ್ದಲ್ಲ. 1971ರಲ್ಲಿ ಇಪ್ಪತ್ತರ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತು ದಾಟಿದೆ. ಹೆಚ್ಚು ಚಳಿಗಾಲಗಳು ಉಳಿದಿಲ್ಲ.

ಟಿಬೆಟನ್ನರಲ್ಲಿ ಸಾವಿನ ನಂತರ 49 ದಿನ ಪ್ರಾರ್ಥನೆ, ಬೆಣ್ಣೆದೀಪ ನಡೆಯುತ್ತದೆ. ಸರ್ಕಾರ ಬರುವವರೆಗೆ ನಾವು ಕಾಯಬೇಕಾಗಿಲ್ಲ. ಮೂಡಿಗೆರೆಯಿಂದ ಸಕಲೇಶಪುರ, ಸೋಮವಾರಪೇಟೆ, ಕುಶಾಲನಗರ. ಕಾವೇರಿ ದಾಟಿದರೆ ಬೈಲುಕುಪ್ಪೆ. ಬೆಳಿಗ್ಗೆ ಕಾಫಿ ಕುಡಿದು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಅವರ ಮನೆಯಲ್ಲಿರಬಹುದು.