ಅನುದಿನದ ಬಾಳಿನಲ್ಲಿ ವಿವೇಚನೆ ಮತ್ತು ಸೇವೆ

(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ದೇವಾಲಯಕ್ಕೆ ನೂರು ತುಂಬಿದ ಈ ಶುಭಸಂದರ್ಭದಲ್ಲಿ ಹಿರಿಯರ ವಿಶ್ವಾಸವನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಬಲಿಪೂಜೆ ಮುಗಿಸಿ ಬಾಗಿಲು ದಾಟಿದ ಮೇಲೆ ಆ ವಿಶ್ವಾಸ ನಮ್ಮನ್ನು ಎತ್ತ ನಡೆಸುತ್ತದೆ? ಇದನ್ನೇ ಇಂದು ನಿಮ್ಮೊಡನೆ ಆಲೋಚಿಸಬಯಸುತ್ತೇನೆ.

ಹಾಲಿಗೆ ನೀರು ಬೆರೆಸಿ ಡೇರಿಗೆ ಹಾಕುವುದು ತಪ್ಪೆಂದು ಮಗುವೂ ಬಲ್ಲದು. ಎರಡು ದಾರಿಗಳೂ ನ್ಯಾಯವಾಗಿ ತೋರಿದಾಗಲೇ ವಿವೇಚನೆ ಬೇಕಾಗುವುದು. ಸದಾ ಹರಿಯುವ ನದಿಯಿಲ್ಲದ ಈ ಕೋಲಾರ ಸೀಮೆಯಲ್ಲಿ, ಕ್ಯಾಲನೂರಿನ ರೈತನೊಬ್ಬನನ್ನು ಊಹಿಸಿಕೊಳ್ಳಿ. ಕೊಳವೆಬಾವಿ ಬತ್ತಿದೆ; ಟೊಮೇಟೊ ಬಾಡುತ್ತಿದೆ; ಸಾಲ ಬೆಳೆಯುತ್ತಿದೆ. ಬದುವಿನ ಪಕ್ಕದಲ್ಲಿ ಇನ್ನೊಂದು ಕೊರೆಸಿದರೆ ನೀರು ಸಿಕ್ಕೀತು; ಆದರೆ ಆಚೆಯ ಹೊಲದ ವಿಧವೆಯ ಬಾವಿ ಒಣಗಬಹುದು. ಮಕ್ಕಳನ್ನು ಸಾಕುವುದೂ ಧರ್ಮ, ನೆರೆಯವರನ್ನು ಕಾಯುವುದೂ ಧರ್ಮ. ಆತ ಏನು ಮಾಡಬೇಕು?

1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದ ಇಗ್ನೇಷಿಯಸರು ಒಂದು ಸಂಗತಿಯನ್ನು ಗಮನಿಸಿದರು. ಲೌಕಿಕ ಕೀರ್ತಿಯ ಕನಸು ಆ ಕ್ಷಣಕ್ಕೆ ಸುಖ ಕೊಟ್ಟು, ಅನಂತರ ಮನಸ್ಸನ್ನು ಬರಿದಾಗಿಸುತ್ತಿತ್ತು. ಕ್ರಿಸ್ತನನ್ನೂ ಸಂತರನ್ನೂ ಅನುಸರಿಸುವ ಯೋಚನೆಯಾದರೋ ಹೋದ ಮೇಲೂ ಸಂತೋಷವನ್ನು ಉಳಿಸುತ್ತಿತ್ತು. 1548ರಲ್ಲಿ ಜಗದ್ಗುರುಗಳ ಅನುಮೋದನೆ ಪಡೆದ ಅವರ ಆಧ್ಯಾತ್ಮಿಕ ಸಾಧನೆಯ ಗ್ರಂಥಕ್ಕೆ ಈ ಅನುಭವವೇ ಬೀಜ. ಮನಸ್ಸು ಕತ್ತಲಾದಾಗ ಹಿಂದಿನ ಸತ್ಸಂಕಲ್ಪವನ್ನು ಬದಲಿಸಬಾರದೆಂದೂ ಅವರು ಎಚ್ಚರಿಸಿದರು.

ಆದ್ದರಿಂದ ನಮ್ಮ ರೈತ ಭಯದ ಇರುಳಿನಲ್ಲಿ ಕೊರೆಯುವ ಲಾರಿಗೆ ಮುಂಗಡ ಕೊಡದಿರಲಿ. ಎರಡು ದಿನ ಪ್ರಾರ್ಥಿಸಲಿ, ಹಿರಿಯರನ್ನು ಕೇಳಲಿ, ಒಂದೊಂದು ದಾರಿಯನ್ನೂ ಮನಸ್ಸಿನಲ್ಲೇ ನಡೆದು ನೋಡಲಿ. ಯಾವ ದಾರಿಯ ಕೊನೆಯಲ್ಲಿ ನೆರೆಯಾಕೆಯ ಮುಖವನ್ನು ನೇರವಾಗಿ ನೋಡಲು ಸಾಧ್ಯವೋ ಅಲ್ಲಿ ಪವಿತ್ರಾತ್ಮರ ಶಾಂತಿಯಿದೆ. ಬಹುಶಃ ಅವನು ಮೊದಲು ಆಕೆಯ ಬಾಗಿಲಿಗೇ ಹೋದಾನು. ಇರುವ ನೀರನ್ನು ಸರದಿಯಂತೆ ಹಂಚಿಕೊಂಡಾರು. ಬೆಳೆಯನ್ನು ಕಡಿಮೆ ಮಾಡಿಯಾರು. ನಷ್ಟವಿಲ್ಲವೆಂದು ನಾನು ಹೇಳಲಾರೆ. ಶಿಷ್ಯರ ಪಾದ ತೊಳೆದ ಪ್ರಭುವೂ ಬಾಗಿಯೇ ತೊಳೆದರು.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಜಿಲ್ಲೆಯ ಕೆರೆಗಳಿಗೆ ಹರಿದುಬಂದು ಅಂತರ್ಜಲವನ್ನು ತುಂಬುತ್ತಿದೆ. ಕೆರೆಯಿಂದ ಇಂಗಿದ ನೀರು ಜಾತಿ ಕೇಳುವುದಿಲ್ಲ, ಮತ ಕೇಳುವುದಿಲ್ಲ. ಭೂಮಿಯೊಳಗೆ ಬದುವೇ ಇಲ್ಲ. ಕ್ರೈಸ್ತರ ಸೇವೆಯೂ ಹಾಗೆಯೇ ಇರಬೇಕು.

ಪ್ರತಿ ರಾತ್ರಿ ಮಲಗುವ ಮುನ್ನ ಐದು ನಿಮಿಷ ಕೇಳಿಕೊಳ್ಳೋಣ: ಇಂದು ನನ್ನ ನಿರ್ಧಾರದಿಂದ ಯಾರ ಬಾವಿ ತುಂಬಿತು, ಯಾರದು ಬತ್ತಿತು? ಈ ಪ್ರಶ್ನೆಯನ್ನು ಮನೆಮನೆಗೆ ಒಯ್ದರೆ, ದೇವಾಲಯದ ಎರಡನೆಯ ಶತಮಾನ ಇಂದೇ ಸಾರ್ಥಕವಾಗಿ ಆರಂಭವಾದಂತೆ.

ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.